ಬೋಟು ಕಟ್ಟಿ ಬಂದವರಿಗೆ ಬಾಗಿಲು ತೆರೆದಿದೆ, ಅಡುಗೆಮನೆ ಮುಚ್ಚಿದೆ

ಇಂಗ್ಲೆಂಡಿನ ಹ್ಯಾಟನ್‌ನಲ್ಲಿ ಕಾಲುವೆಯ 21 ಲಾಕ್‌ಗಳನ್ನು, ಅಂದರೆ ಬೋಟನ್ನು ಮೆಟ್ಟಿಲಿನಂತೆ ಏರಿಸುವ ಗೇಟಿನ ತೊಟ್ಟಿಗಳನ್ನು, ಒಂದೇ ದಿನ ಹತ್ತಿ ಬಂದವರಿಗೆ ಪೂರ್ತಿ ಊಟ ಬೇಡ, ಒಂದು ಬಟ್ಟಲು ಬಿಸಿ ಸೂಪಾದರೂ ಸಿಗಬೇಕಲ್ವಾ? ಸಿಗಲಿಲ್ಲ. ಜೂನ್ ತಿಂಗಳ ಸಂಜೆ, ಗಂಟೆ ಎಂಟೂ ಮುಕ್ಕಾಲು, ಹೊರಗೆ ಇನ್ನೂ ಒಳ್ಳೆ ಬೆಳಕು. ಕಾಲುವೆಗೆ ತಾಗಿಕೊಂಡೇ ಪಬ್ಬು. ತೋಟದ ತುಂಬಾ ಜನ, ಮೇಜಿನ ತುಂಬಾ ಗ್ಲಾಸು, ಮರದಿಂದ ಮರಕ್ಕೆ ದೀಪದ ಸರ. ಬೋಟು ಕಟ್ಟಿ, ಕೈಕಾಲಿನ ಕೆಸರು ಒರೆಸಿಕೊಂಡು ಒಳಗೆ ಹೋದೆವು. ಕೌಂಟರಿನ ಹುಡುಗಿ ನಗುತ್ತಲೇ "ಸಾರಿ ಲವ್, ಕಿಚನ್ ಕ್ಲೋಸ್ಡ್" ಅಂದಳು. ಎಂಟೂವರೆಗೆ ಮುಚ್ಚಿತಂತೆ. ಬರೀ ಕಾಲು ಗಂಟೆ ತಡ. ಬ್ರೆಡ್ಡು ಬೆಣ್ಣೆಯಾದರೂ ಸಿಗುತ್ತಾ ಎಂದು ಕೇಳಿದೆ. ಅದೂ ಇಲ್ಲ. ಚಿಪ್ಸ್ ಪ್ಯಾಕೆಟ್ಟು ಇದೆ, ಉಪ್ಪು ಹಾಕಿದ ಕಡಲೆಬೀಜ ಇದೆ, ಬಿಯರ್ ಎಷ್ಟು ಬೇಕಾದರೂ ಇದೆ.

ನಮ್ಮ ಜೊತೆ ಗೆಳೆಯನ ಅಪ್ಪ ಇದ್ದರು. ಶಿವಮೊಗ್ಗದಿಂದ ಮಗನ ಮನೆಗೆ ಬಂದವರು. ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಬೇಡ ಅಂದರೂ ಕೇಳದೆ, ಲಾಕಿನ ಗೇಟಿಗೆ ಇರುವ ಉದ್ದ ಮರದ ತೊಲೆಗೆ ಬೆನ್ನು ಕೊಟ್ಟು ನಮ್ಮ ಜೊತೆಗೆ ತಳ್ಳಿದ್ದರು. "ಇರ್ಲಿ ಬಿಡಪ್ಪಾ, ಅವರ ಪದ್ಧತಿ ಅವರಿಗೆ" ಅಂತ ಕಡಲೆಬೀಜದ ಪ್ಯಾಕೆಟ್ಟು ಒಡೆದುಕೊಂಡು ಮೂಲೆಯಲ್ಲಿ ಕೂತರು. ಆಮೇಲೆ ಬೋಟಿಗೆ ವಾಪಸ್ ಬಂದು ಅವಲಕ್ಕಿ ಮೊಸರು ಕಲಸಿದೆವು, ಅದು ಬೇರೆ ಮಾತು. ಆದರೆ ಅವರು ಅಲ್ಲಿ ಹಾಗೆ ಕೂತಿದ್ದನ್ನು ನೋಡಿ ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಇಂಗ್ಲೆಂಡಿನ ಕಾಲುವೆಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 3200 ಕಿಲೋಮೀಟರ್ ಕಾಲುವೆ ಮತ್ತು ನದಿಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಕಾರ್ಖಾನೆಗಳ ಕಾಲದಲ್ಲಿ ಕಲ್ಲಿದ್ದಲು, ಸುಣ್ಣ, ಪಿಂಗಾಣಿ ಸಾಗಿಸಲು ತೋಡಿದ ಕಾಲುವೆಗಳು ಇವು. ಈಗ ರಜೆಯಲ್ಲಿ ಜನ ನ್ಯಾರೋಬೋಟ್ ಬಾಡಿಗೆಗೆ ಹಿಡಿದು ವಾರಗಟ್ಟಲೆ ಸುತ್ತುತ್ತಾರೆ. ಬೋಟಿನ ಅಗಲ ಏಳಡಿಗಿಂತ ಸ್ವಲ್ಪ ಕಡಿಮೆ, ಉದ್ದ ಎಪ್ಪತ್ತು ಅಡಿಯವರೆಗೂ ಇರುತ್ತದೆ. ವೇಗದ ಮಿತಿ ಗಂಟೆಗೆ 4 ಮೈಲಿ. ಕಾಲುವೆ ಬದಿಯಲ್ಲಿ ನಡೆದು ಹೋಗುವವರು ಒಂದೊಂದು ಸಲ ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಎತ್ತರ ತಗ್ಗು ಬಂದಲ್ಲಿ ಲಾಕ್. ಬೋಟು ಒಳಗೆ ತಂದು, ಗೇಟು ಮುಚ್ಚಿ, ವಿಂಡ್ಲಾಸ್ ಅನ್ನುವ ಕಬ್ಬಿಣದ ಹಿಡಿಕೆ ತಿರುಗಿಸಿ, ಪ್ಯಾಡಲ್ ಅನ್ನುವ ನೀರಿನ ಸಣ್ಣ ಬಾಗಿಲು ಎತ್ತಿ ನೀರು ತುಂಬಿಸಬೇಕು ಇಲ್ಲವೇ ಬಿಡಬೇಕು. ಎಲ್ಲವೂ ನಮ್ಮ ಕೈಯ ಕೆಲಸ. ಹ್ಯಾಟನ್‌ನಲ್ಲಿ ಹೀಗೆ ಎರಡು ಮೈಲಿಯೊಳಗೆ ಸುಮಾರು 45 ಮೀಟರ್ ಮೇಲಕ್ಕೆ ಹತ್ತಬೇಕು.

ಈ ದಾರಿಯಲ್ಲಿ ಎಷ್ಟು ಗಂಟೆಗೆ ತಲುಪುತ್ತೇವೆ ಎಂದು ಬೆಳಗ್ಗೆ ಹೇಳಲು ಯಾರಿಂದಲೂ ಆಗುವುದಿಲ್ಲ. ಮುಂದೆ ಎರಡು ಬೋಟು ಸಾಲು ನಿಂತರೆ ಮುಗಿಯಿತು. ಪ್ರೊಪೆಲ್ಲರ್‌ಗೆ ಯಾರೋ ಎಸೆದ ಪ್ಲಾಸ್ಟಿಕ್ ಚೀಲವೋ, ಹಳೆ ಸೀರೆಯಂಥ ಬಟ್ಟೆಯೋ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಹಿಂದಿನ ಮುಚ್ಚಳ ತೆಗೆದು, ಮೊಣಕೈವರೆಗೆ ತಣ್ಣೀರಿಗೆ ಕೈ ಹಾಕಿ ಬಿಡಿಸಬೇಕು. ಎರಡು ಲಾಕಿನ ನಡುವೆ ನೀರು ಇಳಿದುಹೋಗಿದ್ದರೆ ಟ್ರಸ್ಟಿನವರು ಬಂದು ನೀರು ಬಿಡುವವರೆಗೆ ಕಾಯಬೇಕು. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆಗೆ. ಬೆಳಕಿದ್ದಷ್ಟು ಹೊತ್ತು ಬೋಟಿನವರು ಸಾಗುತ್ತಾರೆ, ಅದು ಸಹಜ. ಅಡುಗೆಮನೆ ಮಾತ್ರ ಡಿಸೆಂಬರ್ ಆಗಲಿ ಜೂನ್ ಆಗಲಿ ಎಂಟೂವರೆಗೆ ಮುಚ್ಚುತ್ತದೆ. ಮಧ್ಯಾಹ್ನ ಎರಡೂವರೆಯಿಂದ ಸಂಜೆ ಐದೂವರೆವರೆಗೆ ಹಲವು ಕಡೆ ಏನೂ ಇಲ್ಲ. ಭಾನುವಾರ ಮಧ್ಯಾಹ್ನದ ರೋಸ್ಟ್ ಊಟ ಮುಗಿದರೆ ರಾತ್ರಿಗೆ ಏನೂ ಇಲ್ಲ. ಸೋಮವಾರ, ಮಂಗಳವಾರ ಅಡುಗೆಯವರಿಗೆ ರಜೆ. ನಾಲ್ಕು ಊರು ದಾಟಿದರೆ ಎರಡರಲ್ಲಿ ಹೀಗೇ.

ನಾನು ಕುಂದಾಪುರದ ಹತ್ತಿರದ ಗಂಗೊಳ್ಳಿಯವನು. ದಕ್ಕೆಯ, ಅಂದರೆ ಮೀನಿನ ಬೋಟು ಕಟ್ಟುವ ಕಟ್ಟೆಯ ಹತ್ತಿರವೇ ಹುಟ್ಟಿ ಬೆಳೆದವನು, ಈಗ ಮಿಲ್ಟನ್ ಕೀನ್ಸ್‌ನಲ್ಲಿ ಮನೆ, ಗ್ರ್ಯಾಂಡ್ ಯೂನಿಯನ್ ಕಾಲುವೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ನನಗೆ ನೀರಿನ ಬದಿಯ ಊಟ ಅಂದರೆ ಮೊದಲು ಕಣ್ಣಿಗೆ ಬರುವುದು ಬಂದರಿನ ಆ ಹೋಟೆಲು. ತಗಡಿನ ಮಾಡು. ಹೊಗೆ ಹಿಡಿದ ಗೋಡೆ. ಅಲ್ಲಿಂದ ಹೊಳೆ ಕಾಣುವುದೂ ಇಲ್ಲ, ಎದುರಿಗೆ ಐಸ್ ತುಂಬುವ ಲಾರಿ ನಿಂತಿರುತ್ತದೆ. ಐದು ಹೊಳೆ ಸೇರುವ ಜಾಗ ಅದು, ಜಗತ್ತಿನ ಎಷ್ಟೋ ಕಡೆ ಇಂಥ ನೋಟಕ್ಕೆ ದುಡ್ಡು ಕೊಡಬೇಕು. ಆ ಹೋಟೆಲಿನವರು ಒಂದು ಕಿಟಕಿಯನ್ನೂ ಆ ಕಡೆಗೆ ಇಟ್ಟಿರಲಿಲ್ಲ. ಅವರಿಗೆ ಬೇಕಾಗಿದ್ದು ನೋಟವಲ್ಲ. ಬೋಟು ಯಾವಾಗ ಬರುತ್ತದೆ ಅನ್ನುವ ಸುದ್ದಿ.

ಅದು ಬರುತ್ತಿತ್ತು. ಹತ್ತು ದಿನ ಆಳಸಮುದ್ರದಲ್ಲಿದ್ದ ಬೋಟು ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯ, ಹೊರಗೆ ಬಂದು, ನೀರು ಏರಲಿ ಎಂದು ಕಾಯುತ್ತಾ ನಿಂತಾಗ ಮೊಬೈಲ್ ಸಿಗ್ನಲ್ ಸಿಗುತ್ತದೆ. ಬೋಟು ನಡೆಸುವ ತಾಂಡೇಲ ಮೊದಲು ಬೋಟಿನ ಯಜಮಾನರಿಗೆ ಫೋನ್ ಮಾಡುತ್ತಾನೆ, ಆಮೇಲೆ ಮನೆಗೆ, ಮೂರನೆಯದು ಹೋಟೆಲಿಗೆ. "ಎಂಟು ಜನ ಇದ್ದೇವೆ." ಅಷ್ಟೇ. ರಾತ್ರಿ ಎರಡಾಗಲಿ, ಬೆಳಗಿನ ಜಾವ ನಾಲ್ಕಾಗಲಿ, ಎಂಟು ಜನರ ಗಂಜಿ ಒಲೆಯ ಮೇಲಿರುತ್ತದೆ. ಬೋಟಿನಲ್ಲಿ ಊರಿನವರು ಮಾತ್ರ ಇರುವುದಿಲ್ಲ. ಆಂಧ್ರದವರು, ಒಡಿಶಾದವರು, ತಮಿಳುನಾಡಿನವರು, ಅಂಕೋಲಾ ಹೊನ್ನಾವರ ಕಡೆಯವರು. ಕನ್ನಡ ಬಾರದವನೂ ಬಾಗಿಲಲ್ಲಿ ನಿಂತರೆ ಸಾಕು. "ಬನ್ನಿ, ಗಂಜಿ ಇತ್ತ್, ಕೂಕಣಿ."

ಸಣ್ಣವನಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಬೋಟಿನಿಂದ ಇಳಿದ ಹುಡುಗರು ಸೀದಾ ಅಡುಗೆಮನೆಗೇ ಹೋಗುತ್ತಿದ್ದರು. ಒಬ್ಬನ ಕೈಯಲ್ಲಿ ಒಂದು ಬುಟ್ಟಿ ಬಂಗಡೆ. ತಮ್ಮ ಪಾಲಿನದ್ದು. ಹೋಟೆಲಿನ ಅಕ್ಕ ಅದನ್ನು ಕಲ್ಲಿನ ಮೇಲೆ ಸುರಿದು, ಕತ್ತಿಮಣೆಯಲ್ಲಿ ಟಕಟಕ ಕೊಯ್ದು, ಮೈಗೆ ಮೂರು ಗೀರು ಹಾಕಿ, ಅರೆದಿಟ್ಟ ಖಾರವನ್ನು ಆ ಗೀರಿನೊಳಗೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಕಾವಲಿಗೆ ತೆಂಗಿನೆಣ್ಣೆ. ಮೀನು ಇಟ್ಟ ಕೂಡಲೇ ಬರುವ ಆ ಸದ್ದು. ಸ್ಟೀಲ್ ಬಟ್ಟಲಿನಲ್ಲಿ ಕುಚ್ಚಲಕ್ಕಿ ಗಂಜಿ, ಮೇಲೆ ಒಂದು ಚಮಚ ತುಪ್ಪ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಪಕ್ಕದಲ್ಲಿ ಚಟ್ಲಿ (ಸಿಗಡಿ) ಚಟ್ನಿ, ಮಾವಿನ ಮಿಡಿ. ಮೀನು ಹುರಿದುಕೊಟ್ಟದ್ದಕ್ಕೆ ಎಣ್ಣೆ ಖಾರದ ದುಡ್ಡು ಮಾತ್ರ ತೆಗೆದುಕೊಳ್ಳುತ್ತಿದ್ದರು. ಅದನ್ನೂ ಆಗಲೇ ಕೊಡಬೇಕಿರಲಿಲ್ಲ. ಬೋಟಿನ ಹೆಸರಿನಲ್ಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಹರಾಜು ಮುಗಿದು ಪಾಲು ಕೈಗೆ ಬಂದ ಮೇಲೆ ಚುಕ್ತಾ.

ಅಲ್ಲಿ ಗಡಿಯಾರ ಇತ್ತು, ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ. ಆದರೆ ಒಲೆ ಹಚ್ಚುವುದು ಆರಿಸುವುದು ಸಮುದ್ರದ ಲೆಕ್ಕದಲ್ಲಿ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ, ಆಗ ಹೋಟೆಲಿನಲ್ಲೂ ಒಲೆ ಒಂದೇ ಉರಿಯುತ್ತಿತ್ತು. ಆಗಸ್ಟ್ ಬಂದರೆ ಮೂರು.

ನನ್ನ ಮಾತು ಇಷ್ಟೇ. ನೀರಿನ ಬದಿಯಲ್ಲಿ ಅಂಗಡಿ ಹಾಕಿದವನು ನೀರಿನ ಮೇಲೆ ಬರುವವರ ಹೊತ್ತು ನೋಡಬೇಕು. ಇಲ್ಲಿನ ಪಬ್ಬಿನವರು ನೀರನ್ನು ಕಾರಿನಲ್ಲಿ ಬಂದವರಿಗೆ ತೋರಿಸಿ ಮಾರುತ್ತಿದ್ದಾರೆ. ಬೋಟುಗಳೂ ಆ ನೋಟದ ಒಂದು ಭಾಗ. ನಾವು ಲಾಕಿನಲ್ಲಿ ಬೆವರು ಸುರಿಸುವುದನ್ನು ಜನ ಗ್ಲಾಸು ಹಿಡಿದು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಮಕ್ಕಳು ಕೈ ಬೀಸುತ್ತಾರೆ. ಚೆನ್ನಾಗಿದೆ. ಆದರೆ ನಾವು ಬೋಟು ಕಟ್ಟಿ ಒಳಗೆ ಹೋದಾಗ ಎಲ್ಲ ಮೇಜಿನ ಮೇಲೂ ರಿಸರ್ವ್ಡ್ ಚೀಟಿ. ವಾರಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಏಳೂಕಾಲಿಗೆ ಅಂತ ಬುಕ್ ಮಾಡಿದವರಿಗೆ ಜಾಗ. ಬೋಟಿನವನು ಏಳೂಕಾಲು ಅಂತ ಹೇಗೆ ಬುಕ್ ಮಾಡಬೇಕು?

ನೋವಾಗುವುದು ಯಾಕೆಂದರೆ ಈ ಪಬ್ಬುಗಳಲ್ಲಿ ಎಷ್ಟೋ ಹುಟ್ಟಿದ್ದೇ ಬೋಟಿನವರಿಗಾಗಿ. ಹಿಂದೆ ಕುದುರೆಗಳು ಟೋಪಾತ್ ಅನ್ನುವ ಕಾಲುವೆ ಬದಿಯ ಕಾಲುದಾರಿಯ ಮೇಲೆ ನಡೆದು ಹಗ್ಗದಿಂದ ಬೋಟು ಎಳೆಯುತ್ತಿದ್ದವು. ಇಡೀ ಸಂಸಾರ ಬೋಟಿನ ಹಿಂಭಾಗದ ಪುಟ್ಟ ಕ್ಯಾಬಿನ್‌ನಲ್ಲೇ ಇರುತ್ತಿತ್ತು, ಅಡುಗೆ, ಮಲಗುವುದು, ಮಕ್ಕಳ ಹೆರಿಗೆ ಎಲ್ಲ ಅಲ್ಲೇ. ಲಾಕಿನ ಹತ್ತಿರ ಇರುವ ಪಬ್ಬಿನಲ್ಲಿ ಕುದುರೆಗೆ ಲಾಯ, ಮನುಷ್ಯರಿಗೆ ಬಿಯರ್, ಮನೆಸಾಮಾನು, ಮುಂದಿನ ಸರಕು ಎಲ್ಲಿ ಸಿಗುತ್ತದೆ ಅನ್ನುವ ಸುದ್ದಿ. ನಮ್ಮ ಬಂದರಿನ ಹೋಟೆಲಿನಂತೆಯೇ. ಸರಕು ಸಾಗಣೆ ಮೊದಲು ರೈಲಿಗೆ, ಆಮೇಲೆ ಲಾರಿಗೆ ಹೋಯಿತು. 1948ರಲ್ಲಿ ಸರ್ಕಾರ ಬಹುತೇಕ ಕಾಲುವೆಗಳನ್ನು ವಹಿಸಿಕೊಂಡಿತು. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತ ಮೇಲೆ ಉಳಿದಿದ್ದ ಬೋಟಿನ ಸಂಸಾರಗಳಲ್ಲೂ ಬಹಳಷ್ಟು ಜನ ದಡ ಹತ್ತಿಬಿಟ್ಟರು. ಈಗ ಆ ಕುದುರೆ ಲಾಯ ಇದ್ದಲ್ಲಿ ಊಟದ ಹಾಲ್. ಗೋಡೆಯ ಮೇಲೆ ಅವರ ಕಪ್ಪು ಬಿಳುಪು ಫೋಟೋ, ಗುಲಾಬಿ ಹೂವು ಕೋಟೆಗಳ ಚಿತ್ರ ಬರೆದ ನೀರಿನ ಡಬ್ಬ, ತುಕ್ಕು ಹಿಡಿದ ವಿಂಡ್ಲಾಸ್. ನನ್ನ ಮಗಳು ಸೊಂಟದಲ್ಲಿ ಅಂಥದ್ದೇ ವಿಂಡ್ಲಾಸ್ ಸಿಕ್ಕಿಸಿಕೊಂಡು ನಿಂತಿದ್ದಳು, ಅವಳಿಗೆ ಊಟ ಇಲ್ಲ.

ಊಟ ಸಿಕ್ಕ ದಿನವೂ ಖುಷಿಪಡುವ ಹಾಗಿರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಪಬ್ಬುಗಳಲ್ಲಿ ಬಹಳಷ್ಟು ದೊಡ್ಡ ಕಂಪನಿಗಳ ಕೈಯಲ್ಲಿವೆ. ವಾರಿಕ್‌ಶೈರ್‌ನಲ್ಲಿ ತಿಂದದ್ದೇ ಚೆಷೈರ್‌ನಲ್ಲೂ. ಮೀನು ಮತ್ತು ಚಿಪ್ಸ್, ಪೈ, ಬರ್ಗರ್, ಸ್ಕ್ಯಾಂಪಿ. ಸಸ್ಯಾಹಾರಿ ಗೆಳೆಯನಿಗೆ ಎಲ್ಲಿ ಹೋದರೂ ಅದೇ ಅಣಬೆಯ ರಿಸೊಟ್ಟೊ ಅಥವಾ ಹುರುಳಿಕಾಯಿ ಸಿಕ್ಕಿಸಿದ ಬರ್ಗರ್. 17 ಪೌಂಡ್ ಕೊಟ್ಟ ಮೀನಿನ ಹೊರಗಿನ ಹಿಟ್ಟು ಸುಡುತ್ತಿರುತ್ತದೆ, ಒಳಗೆ ನಡುವಿನಲ್ಲಿ ಇನ್ನೂ ಐಸಿನ ತಣ್ಣಗೆ. ಮೀನು ಅಂದರೆ ಕಾಡ್ ಅಥವಾ ಹ್ಯಾಡಕ್, ಬೇರೆ ಹೆಸರೇ ಕೇಳಬೇಡಿ. ಕಾಡ್ ಬಹುಪಾಲು ಐಸ್‌ಲ್ಯಾಂಡ್, ನಾರ್ವೆ ಕಡೆಯ ಸಮುದ್ರದ್ದು. ನಮ್ಮ ಬಂಗಡೆಯ ಸಂಬಂಧಿ ಮ್ಯಾಕರೆಲ್ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಂದರಿನಲ್ಲಿ ರಾಶಿ ರಾಶಿ ಇಳಿಯುತ್ತದೆ, ಅದರಲ್ಲಿ ಬಹಳಷ್ಟು ಹೊರದೇಶಕ್ಕೆ ಹೋಗುತ್ತದೆ. ಇಲ್ಲಿನವರು ಅದನ್ನು ಬಿಸಿ ಕಾವಲಿಯ ಮೇಲೆ ಹಾಕಿ ತಿನ್ನುವುದನ್ನು ಯಾಕೆ ಕಲಿಯಲಿಲ್ಲವೋ ನನಗೆ ಅರ್ಥವೇ ಆಗಿಲ್ಲ.

ನಾರ್ಫಕ್ ಬ್ರಾಡ್ಸ್ ಕಡೆ ಹೋದರೆ ಇನ್ನೊಂದು ಥರ. ಅಲ್ಲಿ ಸುಮಾರು 200 ಕಿಲೋಮೀಟರ್ ನದಿ ಮತ್ತು ಕೆರೆಗಳ ದಾರಿ, ಒಂದೂ ಲಾಕ್ ಇಲ್ಲದೆ ಸುತ್ತಬಹುದು. ನೂರು ವರ್ಷಕ್ಕೂ ಹಿಂದಿನಿಂದ ರಜೆಯ ಬೋಟುಗಳ ಊರು ಅದು. ಬಾಡಿಗೆ ಬೋಟು ಕತ್ತಲಾದ ಮೇಲೆ ಓಡಿಸುವಂತಿಲ್ಲ. ಅಂದರೆ ಸಂಜೆ ಎಲ್ಲಿ ಕಟ್ಟಿದೆವೋ ರಾತ್ರಿ ಅಲ್ಲೇ. ಎಷ್ಟೋ ಪಬ್ಬಿಗೆ ಸ್ವಂತ ಕಟ್ಟೆ ಇದೆ. ಬೋಟು ಕಟ್ಟಲು ಕೆಲವರು ದುಡ್ಡು ತೆಗೆದುಕೊಳ್ಳುತ್ತಾರೆ, ಊಟ ಮಾಡಿದರೆ ಬಿಲ್ಲಿನಲ್ಲಿ ಅದನ್ನು ಕಳೆಯುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಾವು ಒಂದು ಕಡೆ ಕಟ್ಟಿದ್ದು, ಊಟಕ್ಕೆ ಒಂದು ಗಂಟೆ ಕಾದದ್ದು, ಕೊನೆಗೆ ಬಂದ ಲಸಾನ್ಯದ ಅಂಚು ಮೈಕ್ರೋವೇವ್‌ನಲ್ಲಿ ಒಣಗಿ ಚಕ್ಕೆಯಾಗಿದ್ದು, ಹೇಳಿದರೆ ಆ ಮನುಷ್ಯ ಹೆಗಲು ಕುಣಿಸಿದ್ದು. ಅವನಿಗೆ ಗೊತ್ತು. ಈ ಬೋಟಿನವರು ಈ ವಾರ ಬಂದಿದ್ದಾರೆ, ಶನಿವಾರ ಬೋಟು ವಾಪಸ್ ಕೊಟ್ಟು ಮನೆಗೆ ಹೋಗುತ್ತಾರೆ. ಶನಿವಾರ ಸಂಜೆ ಹೊಸ ಬೋಟು ಬರುತ್ತದೆ.

ಬಂದರಿನ ಹೋಟೆಲಿನವರಿಗೆ ಆ ಧೈರ್ಯ ಇರಲು ಸಾಧ್ಯವೇ ಇಲ್ಲ. ಅದೇ ಬೋಟು, ಅದೇ ಹುಡುಗರು ಹತ್ತು ದಿನಕ್ಕೆ ಮತ್ತೆ ಬಾಗಿಲಲ್ಲಿ. ನಮ್ಮ ದಕ್ಕೆಯಲ್ಲೇ ಒಬ್ಬರು ಒಂದು ವರ್ಷ ಸಾರಿಗೆ ನೀರು ಜಾಸ್ತಿ ಮಾಡಿದರು, ಹಿಂದಿನ ದಿನದ ಮೀನು ಬಿಸಿ ಮಾಡಿ ಕೊಟ್ಟರು ಅಂತ ಅಪ್ಪ ಹೇಳುತ್ತಿದ್ದರು. ಯಾರೂ ಜಗಳ ಆಡಲಿಲ್ಲವಂತೆ. ಬೋಟುಗಳು ಸುಮ್ನೆ ಆಚೆ ಹೋಟೆಲಿಗೆ ಫೋನ್ ಮಾಡತೊಡಗಿದವು. ದೀಪಾವಳಿ ಹೊತ್ತಿಗೆ ಅವರು ಹೋಟೆಲು ಮುಚ್ಚಿ ಐಸಿನ ವ್ಯಾಪಾರಕ್ಕೆ ಇಳಿದರಂತೆ.

ಇಲ್ಲಿನವರದ್ದೇ ತಪ್ಪು ಅನ್ನಲು ಆಗುವುದಿಲ್ಲ, ಅದು ನನಗೂ ಗೊತ್ತು. ಕಾನೂನೇ ಇವರನ್ನು ಹಾಗೆ ಬೆಳೆಸಿತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕೆಲಸಗಾರರು ಕುಡಿದು ಕೂರಬಾರದು ಎಂದು ಪಬ್ಬುಗಳ ಹೊತ್ತು ಕಡಿತ ಮಾಡಿದರು, ಮಧ್ಯಾಹ್ನ ಮುಚ್ಚಬೇಕು ಅಂದರು. ಯುದ್ಧ ಮುಗಿದರೂ ಆ ನಿಯಮ ಉಳಿಯಿತು. ಇಂಗ್ಲೆಂಡಿನಲ್ಲಿ ವಾರದ ದಿನಗಳಲ್ಲಿ ಮಧ್ಯಾಹ್ನ ತೆರೆದಿಡಲು ಅನುಮತಿ ಬಂದದ್ದು 1988ರಲ್ಲಿ, ಭಾನುವಾರಕ್ಕೆ 1995ರಲ್ಲಿ. ಮೂರು ತಲೆಮಾರು ಹೊತ್ತು ನೋಡಿ ಬಾಗಿಲು ಹಾಕಿ ಅಭ್ಯಾಸ. ಬಿಯರ್ ಮಾರಲು ಈಗ ಅಡ್ಡಿಯಿಲ್ಲ, ಅಡುಗೆಮನೆ ಮಾತ್ರ ಆ ಹಳೆಯ ಗಂಟೆಯನ್ನೇ ಕೇಳುತ್ತಿದೆ.

ಕೆನೆಟ್ ಅಂಡ್ ಏವನ್ ಕಾಲುವೆಯ ಬದಿಯಲ್ಲಿ ಒಬ್ಬ ಪಬ್ಬಿನ ಯಜಮಾನನ ಜೊತೆ ಈ ವಿಷಯ ಜಗಳದ ಮಟ್ಟಕ್ಕೇ ಹೋಯಿತು. ಕೇನ್ ಹಿಲ್‌ನ 29 ಲಾಕ್‌ಗಳನ್ನು ಇಳಿದು ಬಂದು ಒಂದು ದಿನ ವಿಶ್ರಾಂತಿ ತೆಗೆದುಕೊಂಡಿದ್ದೆವು, ಅವನಿಗೂ ಪುರುಸೊತ್ತು ಇತ್ತು. ಅವನು ಹೇಳಿದ್ದು: ಅಡುಗೆಯವನು ಸಿಗುವುದಿಲ್ಲ, ಸಿಕ್ಕವನು ಒಂಬತ್ತರ ಬಸ್ಸು ಹಿಡಿಯಬೇಕು, ಹಳ್ಳಿಯಲ್ಲಿ ಅದೇ ಕೊನೆ ಬಸ್ಸು. 2022ರ ಮೇಲೆ ಕರೆಂಟು ಗ್ಯಾಸಿನ ಬಿಲ್ಲು ನೋಡಿ ಫ್ರೈಯರ್ ಹಚ್ಚಲು ಭಯ. ಬಿಯರನ್ನು ಪಬ್ಬಿನ ಕಟ್ಟಡ ಯಾರದೋ ಆ ಕಂಪನಿಯಿಂದಲೇ ಕೊಳ್ಳಬೇಕು, ಅವರು ಹೇಳಿದ ರೇಟಿಗೆ. ಬರುವುದೋ ಬಾರದೋ ಗೊತ್ತಿಲ್ಲದ ಬೋಟಿಗಾಗಿ ನಾನು ಒಲೆ ಉರಿಸುತ್ತಾ ಕೂರಲಾ? 2025ರ ಬೇಸಿಗೆಯಲ್ಲಿ ಮಳೆ ಇಲ್ಲದೆ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಉದ್ದನೆಯ ಭಾಗವನ್ನೇ ಟ್ರಸ್ಟಿನವರು ಮುಚ್ಚಿದ್ದರು, ಅಲ್ಲಿ ಬೋಟನ್ನೇ ನಂಬಿಕೊಂಡವರ ಗತಿ ಏನಾಯಿತು? ಕಾರಿನವರು ಬಂದರೆ ತಾನೇ ನನ್ನ ಬಾಗಿಲು ತೆರೆದಿರುವುದು?

ಉತ್ತರ ಕೊಡಲು ನನಗೆ ಕಷ್ಟವಾಯಿತು, ನಿಜ. ಆದರೂ ಒಪ್ಪಲಿಲ್ಲ. ನಾನು ಕೇಳುವುದು ಪೂರ್ತಿ ಮೆನುವನ್ನಲ್ಲ. ಒಂದು ದೊಡ್ಡ ಪಾತ್ರೆ ಸೂಪು, ಬ್ರೆಡ್ಡು, ಚೀಸು. ಅಡುಗೆಯವನು ಮನೆಗೆ ಹೋದರೂ ಕೌಂಟರಿನ ಹುಡುಗಿ ಸೌಟಿನಲ್ಲಿ ಬಡಿಸಿ ಕೊಡಬಹುದಾದಂಥದ್ದು. ಉಳಿದರೆ ಮರುದಿನ ಮಧ್ಯಾಹ್ನಕ್ಕೆ ಆಗುತ್ತದೆ. ಮತ್ತೆ ಲಾಕಿನ ಹತ್ತಿರದ ಬೋರ್ಡಿನಲ್ಲಿ ಒಂದು ಫೋನ್ ನಂಬರು. ಕಾಲುವೆಯ ಸೇತುವೆಗೆಲ್ಲ ನಂಬರು ಬರೆದಿದೆ. 88ನೇ ಸೇತುವೆ ದಾಟಿದ್ದೇವೆ, ಆರು ಜನ, ಒಂದೂವರೆ ಗಂಟೆ ಬೇಕು ಅಂತ ಫೋನ್ ಮಾಡಿದರೆ ಯಾರಿಗೆ ಏನು ಕಷ್ಟ? ಅಳಿವೆಯ ಹೊರಗಿನಿಂದ ತಾಂಡೇಲ ಮಾಡುವುದೂ ಅದನ್ನೇ ಅಲ್ವಾ.

ಹಾಗೆ ಮಾಡುವವರು ಇಲ್ಲೂ ಇದ್ದಾರೆ, ಹೇಳದಿದ್ದರೆ ತಪ್ಪಾಗುತ್ತದೆ. ಆಕ್ಸ್‌ಫರ್ಡ್ ಕಾಲುವೆ 1790ರಲ್ಲಿ ಮುಗಿದದ್ದು, ಗುಡ್ಡ ಕಡಿಯದೆ ಗುಡ್ಡದ ಸುತ್ತ ಬಳಸಿ ಬಳಸಿ ತೋಡಿದ ಕಾಲುವೆ, ದೂರದ ಒಂದೇ ಚರ್ಚು ಗಂಟೆಗಟ್ಟಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಾಣುತ್ತಲೇ ಇರುತ್ತದೆ. ಅಲ್ಲಿ ಒಂದು ಸಣ್ಣ ಪಬ್ಬು. ಮಳೆಯಲ್ಲಿ ನೆನೆದು ಒಂಬತ್ತು ದಾಟಿದ ಮೇಲೆ ಹೋಗಿದ್ದೆವು. ಅಡುಗೆಮನೆ ಮುಚ್ಚಿತ್ತು. ಅಲ್ಲಿನ ಹಿರಿಯ ಹೆಂಗಸು ನಮ್ಮ ಲೈಫ್‌ಜಾಕೆಟ್ಟಿನಿಂದ ನೀರು ಸೋರುವುದನ್ನು ನೋಡಿ ಮೊದಲು ಮಗಳನ್ನು ಬೆಂಕಿಗೂಡಿನ ಹತ್ತಿರ ಕೂರಿಸಿದರು. ಆಮೇಲೆ ಎಷ್ಟು ಜನ ಅಂತ ಕೇಳಿದರು. ತಾವು ತಮಗೇ ಮಾಡಿಕೊಂಡಿದ್ದ ಬಟಾಣಿ ಸೂಪು, ಒಂದು ಇಡೀ ಬ್ರೆಡ್ಡು, ಒಂದು ಕತ್ತಿ ತಂದಿಟ್ಟರು. ಹಂದಿ ಮಾಂಸ ಹಾಕಿಲ್ಲ ಎಂದು ಕೇಳದೆಯೇ ಹೇಳಿದರು. ಸೂಪಿಗೆ ದುಡ್ಡು ಬೇಡ ಅಂದರು, ಬಲವಂತ ಮಾಡಿ ಕೊಟ್ಟೆವು. ಮೇಲೆ ಒಂದಿಷ್ಟು ಮೆಣಸಿನಪುಡಿ ಉದುರಿಸಿಕೊಂಡು ತಿಂದ ಆ ಸೂಪಿನ ರುಚಿ ಹೇಳಲಾರೆ. ಆ ಪಬ್ಬು ಕಂಪನಿಯದ್ದಲ್ಲ, ಅವರ ಸ್ವಂತದ್ದು.

ಇದನ್ನೆಲ್ಲ ಊರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನಿನಲ್ಲಿ ಹೇಳಿದೆ. ಅಣ್ಣನದ್ದೇ ಎರಡು ಬೋಟು ಇವೆ, ದಕ್ಕೆಯಲ್ಲೇ ದಿನ ಕಳೆಯುವವನು. ನಮ್ಮ ಹೋಟೆಲನ್ನು ಹೊಗಳುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಕೇಳಿದ: "ಅಲ್ಲ ಮಾರಾಯ, ನಿನ್ ಹೆಂಡ್ತಿ ಮಗ್ಳನ್ ಕರ್ಕಂಡ್ ಬಂದ್ ಇಲ್ ಕೂಕಂತ್ಯಾ?"

ಕೂರುವುದಿಲ್ಲ. ಕೂರಿಸಲು ಆಗುವುದಿಲ್ಲ. ನೆಲ ಯಾವಾಗಲೂ ಒದ್ದೆ, ಕೈ ತೊಳೆಯಲು ಡ್ರಮ್ಮಿನ ನೀರು, ಶೌಚಾಲಯದ ಮಾತೇ ಇಲ್ಲ. ನಾನು ಆ ಹೋಟೆಲಿನ ಬೆಂಚಿನ ಮೇಲೆ ಉಂಡ ಅಷ್ಟು ವರ್ಷಗಳಲ್ಲಿ ಅಡುಗೆಯ ಅಕ್ಕನನ್ನು ಬಿಟ್ಟು ಇನ್ನೊಂದು ಹೆಂಗಸು ಒಳಗೆ ಕೂತು ಉಂಡದ್ದು ನೆನಪಿಲ್ಲ. ಹರಾಜಿನಲ್ಲಿ ಮೀನು ಹಿಡಿದು ಬುಟ್ಟಿ ಹೊತ್ತು ಮಾರುವ ಹೆಂಗಸರು, ಬೆಳಗಿನ ಜಾವದಿಂದ ಅಲ್ಲೇ ಇರುವವರು, ಲಾರಿಯ ನೆರಳಿನಲ್ಲಿ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಾರೆ. ಬೋಟಿನ ಕೆಲಸದ ಗಂಡು ಕಲಾಸಿ ಒಡಿಶಾದಿಂದ ಬಂದರೂ ಬೆಂಚು ಇದೆ, ಊರಿನ ಹೆಂಗಸಿಗೆ ಇಲ್ಲ.

ಇಲ್ಲಿ ನನ್ನ ಮಗಳು ಕೆಸರು ಬೂಟಿನಲ್ಲೇ ಪಬ್ಬಿನೊಳಗೆ ಹೋಗುತ್ತಾಳೆ, ಯಾರೂ ತಿರುಗಿ ನೋಡುವುದಿಲ್ಲ. ಪಕ್ಕದಲ್ಲಿ ಯಾರದೋ ಒದ್ದೆ ನಾಯಿ ಮಲಗಿರುತ್ತದೆ. ಟ್ರಸ್ಟಿನವರು ಒಂದು ಕೀಲಿಕೈ ಮಾರುತ್ತಾರೆ, ಇಡೀ ಕಾಲುವೆ ಜಾಲದಲ್ಲಿ ಬೋಟಿನವರಿಗೆ ಅಂತ ಇರುವ ನಲ್ಲಿ, ಶೌಚಾಲಯ, ಕೆಲವು ಕಡೆ ಸ್ನಾನದ ಮನೆ ಎಲ್ಲಕ್ಕೂ ಅದೊಂದೇ ಕೀಲಿ. ರಾತ್ರಿ ಹನ್ನೊಂದಕ್ಕೆ ನನ್ನ ಹೆಂಡತಿ ಒಬ್ಬಳೇ ಟಾರ್ಚು ಹಿಡಿದು ಹೋಗಿ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಂದಿದ್ದಾಳೆ. ಹೊಟ್ಟೆ ಹಸಿದಿತ್ತು, ಆದರೂ ಬಂದಿದ್ದಾಳೆ. ಇದನ್ನು ನಮ್ಮ ಯಾವ ಬಂದರಿನಲ್ಲಿ ಮಾಡಲು ಆಗುತ್ತದೆ ಹೇಳಿ. ಸಿಟ್ಟಿನಲ್ಲಿ ಬರೆಯಲು ಕೂತವನಿಗೆ ಇದನ್ನು ಬರೆಯುವುದು ಅಷ್ಟೇನೂ ಇಷ್ಟವಿರಲಿಲ್ಲ, ಆದರೆ ಇರುವುದು ಇದೇ.

ಅಣ್ಣ ಇನ್ನೂ ಒಂದು ಮಾತು ಹೇಳಿದ. ಈಗ ಮರವಂತೆಯಿಂದ ಮಲ್ಪೆಯವರೆಗೆ ಸಮುದ್ರ ಕಾಣುವ ಹೋಟೆಲುಗಳು ಏಳುತ್ತಿವೆಯಂತೆ, ಗಾಜಿನ ಗೋಡೆ, ಗೋಬಿ ಮಂಚೂರಿ, ಎದುರಿಗೆ ಕಾರು ನಿಲ್ಲಿಸಲು ಜಾಗ. ಬೋಟಿನ ಹುಡುಗರು ಅಲ್ಲಿಗೆ ಹೋದರೆ ಬಾಗಿಲಲ್ಲಿರುವವನು ಅವರ ಲುಂಗಿ ನೋಡುತ್ತಾನಂತೆ. ಕೇಳಿ ನನಗೆ ಹ್ಯಾಟನ್‌ಗಿಂತ ಜಾಸ್ತಿ ಬೇಜಾರಾಯಿತು.

ಬರುವ ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. ಮೀನುಗಾರರ ಸಂಘದವರ ಜೊತೆ ಕೂತು ಮಾತಾಡೋಣ ಅಂತ ಅಣ್ಣ ಹೇಳಿದ್ದಾನೆ. ಮೊದಲು ದಕ್ಕೆಯ ಹತ್ತಿರ ಹೆಂಗಸರಿಗೆ ನೀರಿರುವ ಶೌಚಾಲಯ, ಆಮೇಲೆ ಅದೇ ಹೋಟೆಲಿಗೆ ತಾಗಿಕೊಂಡು ಅವರೂ ಕೂತು ಗಂಜಿ ಉಣ್ಣುವ ಹಾಗೆ ಒಂದು ಚಾವಡಿ. ಇಲ್ಲಿನ ನಾಲ್ಕೈದು ಮನೆಯವರು ದುಡ್ಡು ಹಾಕುತ್ತೇವೆ ಅಂದಿದ್ದಾರೆ. ಶಿವಮೊಗ್ಗದ ಹಿರಿಯರೂ ಒಂದಿಷ್ಟು ಕಳಿಸುತ್ತೇನೆ ಅಂದರು. ಜಾಗ ಬಂದರು ಇಲಾಖೆಯದ್ದು, ಅನುಮತಿ ಅಷ್ಟು ಸುಲಭ ಇಲ್ಲ ಅಂತ ಅಣ್ಣ ಈಗಲೇ ಹೇಳುತ್ತಿದ್ದಾನೆ. ಕೇಳಿ ನೋಡುತ್ತೇವೆ.